ಮೊದಲು ಪರದೆ, ಆಮೇಲೆ ಪ್ರನಾಳ: ಪ್ರೌಢಶಾಲೆಯ ರಸಾಯನ ಪ್ರಯೋಗಗಳನ್ನು ಮನೆಗೂ ಲ್ಯಾಬಿಗೂ ಹಂಚುವ ಬಗೆ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ತರಬೇತಿಗೆ ಹೋದಲ್ಲೆಲ್ಲ ಊಟದ ವಿರಾಮದಲ್ಲಿ ವಿಜ್ಞಾನ ಶಿಕ್ಷಕರಿಂದ ನನಗೆ ಎದುರಾಗುವುದು ಒಂದೇ ಪ್ರಶ್ನೆ. ಬಾಗೇಪಲ್ಲಿಯವರೂ ಅದನ್ನೇ ಕೇಳುತ್ತಾರೆ, ಚಿಂತಾಮಣಿಯವರೂ ಅದನ್ನೇ ಕೇಳುತ್ತಾರೆ: ‘ನಲವತ್ತು ಮಕ್ಕಳು, ಇಪ್ಪತ್ತು ಪ್ರನಾಳ, ನಲವತ್ತು ನಿಮಿಷದ ಪೀರಿಯಡ್. ಇದರಲ್ಲಿ ಪ್ರಯೋಗ ಮಾಡಿಸುವುದು ಹೇಗೆ ಸರ್? ವಿಡಿಯೋ ತೋರಿಸಿದರೆ ಸಾಲದೇ?’

ಸಾಲದು. ಆದರೆ ವಿಡಿಯೋವನ್ನು ಅದರ ಜಾಗದಲ್ಲಿ ಇಟ್ಟರೆ ಅದೇ ನಲವತ್ತು ನಿಮಿಷ ಸಾಕಾಗುತ್ತದೆ. ಒಂದು ದಿನ ಗಡಿಯಾರ ಹಿಡಿದು ಲೆಕ್ಕ ಹಾಕಿ ನೋಡಿ. ಹಾಜರಿ, ಲ್ಯಾಬಿಗೆ ಸಾಲಾಗಿ ಹೋಗುವುದು, ಉದ್ದೇಶ ಬರೆಸುವುದು, ಚಿತ್ರ ಬಿಡಿಸುವುದು, ವಿಧಾನ ಹೇಳುವುದು, ಎಚ್ಚರಿಕೆ ಹೇಳುವುದು, ಗದ್ದಲ ಅಡಗಿಸಿ ಅದೇ ಎಚ್ಚರಿಕೆಯನ್ನು ಮತ್ತೊಮ್ಮೆ ಹೇಳುವುದು. ಇಪ್ಪತ್ತೈದು ನಿಮಿಷ ಕಳೆದಿರುತ್ತದೆ. ಉಳಿದ ಹದಿನೈದರಲ್ಲಿ ಮುಂದಿನ ಸಾಲಿನ ಎಂಟು ಮಕ್ಕಳು ಪ್ರನಾಳ ಹಿಡಿಯುತ್ತಾರೆ, ಮಿಕ್ಕವರು ಅವರ ಬೆನ್ನು ನೋಡುತ್ತಾರೆ. ಲ್ಯಾಬಿನಲ್ಲೇ ಆಗಬೇಕೆಂದಿಲ್ಲದ ಆ ಇಪ್ಪತ್ತೈದು ನಿಮಿಷವನ್ನು ಮೊಬೈಲಿಗೂ ಸ್ಮಾರ್ಟ್ ತರಗತಿಯ ಪರದೆಗೂ ದಾಟಿಸಿ, ಕೈಯಿಂದ ಮಾಡಬೇಕಾದ್ದನ್ನಷ್ಟೇ ಲ್ಯಾಬಿಗೆ ಉಳಿಸಿಕೊಳ್ಳುವುದು ನನ್ನ ಕ್ರಮ. ಇದಕ್ಕೆ ಮಿಶ್ರ ಕಲಿಕೆ ಎಂಬ ಹೆಸರಿದೆ: ಪಾಠದ ಒಂದು ಭಾಗ ಆನ್‌ಲೈನ್‌ನಲ್ಲಿ, ಇನ್ನೊಂದು ಭಾಗ ಎದುರುಬದುರು. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ವಿದ್ಯಾಗಮದ ಹೆಸರಿನಲ್ಲಿ ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿ, ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಮನೆಗೆಲಸ ಕಳಿಸಿದ ಯಾರಿಗೂ ಇದು ಹೊಸದಲ್ಲ. ಆಗ ಅನಿವಾರ್ಯವಾಗಿ ಮಾಡಿದ್ದನ್ನು ಈಗ ಯೋಚಿಸಿ ಮಾಡಬೇಕು, ಅಷ್ಟೇ.

ಕೆಳಗಿನ ಹಂತಗಳು ಹತ್ತನೆಯ ತರಗತಿಯ ಮೊದಲ ಅಧ್ಯಾಯಗಳನ್ನು, ಎಂದರೆ ರಾಸಾಯನಿಕ ಕ್ರಿಯೆಗಳು, ಆಮ್ಲ–ಪ್ರತ್ಯಾಮ್ಲ, ಲೋಹ–ಅಲೋಹಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಒಂದು ಪ್ರಯೋಗಕ್ಕೆ ಒಂದು ವಾರ ಎಂದು ಇಟ್ಟುಕೊಳ್ಳಿ.

1. ಮನೆಯ ಮೊಬೈಲ್‌ಗಳ ಲೆಕ್ಕ ಹಾಕಿ

‘ಮೊಬೈಲ್ ಇದೆಯೇ?’ ಎಂದು ಕೇಳಿದರೆ ಎಲ್ಲರೂ ಕೈ ಎತ್ತುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಸ್ಮಾರ್ಟ್‌ಫೋನೇ ಅಥವಾ ಕೀಪ್ಯಾಡ್ ಫೋನೇ? ಯಾರ ಕೈಯಲ್ಲಿರುತ್ತದೆ? ಎಷ್ಟು ಗಂಟೆಗೆ ಮನೆಗೆ ಬರುತ್ತದೆ? ನಮ್ಮ ಕಡೆ ಫೋನು ಅಪ್ಪನ ಜೊತೆ ಮಾರುಕಟ್ಟೆಗೋ ರೇಷ್ಮೆಗೂಡು ಹಾಕಲು ಶಿಡ್ಲಘಟ್ಟಕ್ಕೋ ಹೋಗಿರುತ್ತದೆ. ಮಗುವಿನ ಕೈಗೆ ಸಿಗುವುದು ರಾತ್ರಿ ಎಂಟರ ನಂತರ, ಅದೂ ಅರ್ಧ ಗಂಟೆ. ಆದ್ದರಿಂದ ‘ಸಂಜೆ ಐದಕ್ಕೆ ಎಲ್ಲರೂ ಲೈವ್ ಬನ್ನಿ’ ಎನ್ನುವ ಪಾಠ ಇಲ್ಲಿ ನಡೆಯುವುದಿಲ್ಲ. ಬಿಡುವಾದಾಗ ತೆರೆದು ನೋಡುವಂಥದ್ದನ್ನೇ ಕಳಿಸಿ.

ನಾಲ್ಕು ಮಕ್ಕಳ ತಂಡ ಮಾಡಿ. ಹಾಜರಿ ಸಂಖ್ಯೆಯ ಪ್ರಕಾರ ಮಾಡಬೇಡಿ, ಊರು ಮತ್ತು ಬೀದಿಯ ಪ್ರಕಾರ ಮಾಡಿ. ಪ್ರತಿ ತಂಡಕ್ಕೆ ಕನಿಷ್ಠ ಒಂದು ಸ್ಮಾರ್ಟ್‌ಫೋನ್ ಇರಲಿ. ಲ್ಯಾಬಿನಲ್ಲೂ ಇದೇ ತಂಡ ಮುಂದುವರಿಯಲಿ.

ಇಲ್ಲಿ ಎಡವುವುದು ಹೆಚ್ಚಾಗಿ ಹೆಣ್ಣುಮಕ್ಕಳ ವಿಷಯದಲ್ಲಿ. ತರಗತಿಯ ಗುಂಪಿಗೆ ಹುಡುಗಿಯರ ಸಂಖ್ಯೆಗಳನ್ನು ಸೇರಿಸಿದ ಮರುದಿನವೇ ಯಾರದೋ ಮನೆಯಲ್ಲಿ ಫೋನು ಮುಟ್ಟುವುದಕ್ಕೇ ತಡೆ ಬೀಳುತ್ತದೆ. ತಂದೆ ಅಥವಾ ತಾಯಿಯ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದೇ ಸೇರಿಸಿ, ಶಿಕ್ಷಕರು ಮಾತ್ರ ಸಂದೇಶ ಕಳಿಸುವ ಹಾಗೆ ಗುಂಪನ್ನು ಹೊಂದಿಸಿ. ಮಕ್ಕಳ ಮುಖ ಕಾಣುವ ಫೋಟೋ ಬೇಡ. ಕೈ, ಪ್ರನಾಳ, ಪುಸ್ತಕದ ಪುಟ ಸಾಕು. ಫೋನಿಲ್ಲದ ಮಗುವಿಗೆ ಫೋನು ಕೊಡಿಸಿ ಎಂದು ಯಾವ ಪೋಷಕರಿಗೂ ಹೇಳಬೇಡಿ. ಅದಕ್ಕಾಗಿಯೇ ತಂಡ ಇರುವುದು.

2. ಯಾವುದು ಪರದೆಗೆ, ಯಾವುದು ಕೈಗೆ

ವರ್ಷದ ಆರಂಭದಲ್ಲೇ ಪಠ್ಯದ ಚಟುವಟಿಕೆಗಳ ಪಟ್ಟಿ ಮಾಡಿ ಮೂರು ಪಾಲು ಮಾಡಿಕೊಳ್ಳಿ.

ಪರದೆಯ ಪಾಲಿಗೆ ಅಪಾಯದ್ದು ಹೋಗಲಿ. ಸೀಸದ ನೈಟ್ರೇಟನ್ನು ಕಾಯಿಸಿದಾಗ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಹೊಗೆ ಹೊರಹಾಕುವ ಗೂಡಿಲ್ಲದ ಕೊಠಡಿಯಲ್ಲಿ ಅದು ಸಲ್ಲದು. ಸೋಡಿಯಂ ಚೂರನ್ನು ನೀರಿಗೆ ಹಾಕುವುದೂ ಅಷ್ಟೇ. ಸೀಸದ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಸೇರಿ ಹಳದಿ ಪ್ರಕ್ಷೇಪ ಬರುವುದನ್ನು ಕೈಯಾರೆ ಮಾಡಿಸಲು ಮನಸ್ಸು ತುಡಿಯುತ್ತದೆ, ಬಣ್ಣ ಅಷ್ಟು ಚೆಂದ. ಪ್ರಕ್ಷೇಪ ಎಂದರೆ ಎರಡು ದ್ರಾವಣ ಬೆರೆತಾಗ ಕರಗದೆ ಬೇರ್ಪಟ್ಟು ನಿಲ್ಲುವ ಘನ. ಆದರೆ ಸೀಸ ವಿಷ, ತೊಳೆದ ನೀರು ಹೋಗುವುದು ಶಾಲೆಯ ಹಿಂದಿನ ಚರಂಡಿಗೆ. ನಾನು ಅದನ್ನು ವಿಡಿಯೋಗೆ ಬಿಟ್ಟಿದ್ದೇನೆ. ಕೈಯಾರೆ ಮಾಡಿಸಲು ಮೈಲುತುತ್ತ ಮತ್ತು ವಾಷಿಂಗ್ ಸೋಡಾ ಸಾಕು, ತಿಳಿನೀಲಿ ಪ್ರಕ್ಷೇಪ ಕೂಡಲೇ ಕಾಣುತ್ತದೆ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್.

ಸತು ಮತ್ತು ಆಮ್ಲದಿಂದ ಹೈಡ್ರೋಜನ್ ಪಡೆಯುವುದು, ಸುಣ್ಣದ ತಿಳಿನೀರಿಗೆ ಊದುವುದು, ಕಬ್ಬಿಣದ ಮೊಳೆ, ಆಮ್ಲಕ್ಕೆ ಪ್ರತ್ಯಾಮ್ಲ ಬೆರೆಸುವ ತಟಸ್ಥೀಕರಣ ಕೈಯ ಪಾಲಿಗೆ ಇರಲಿ. ಮೆಗ್ನೀಸಿಯಂ ಪಟ್ಟಿಯನ್ನು ನೀವೇ ಉರಿಸಿ ತೋರಿಸಿ, ಉರಿಯನ್ನು ನೇರವಾಗಿ ದಿಟ್ಟಿಸದಂತೆ ಮೊದಲೇ ಹೇಳಿ. ಅಡುಗೆಮನೆಯ ಸೂಚಕಗಳು ಮನೆಯ ಪಾಲಿಗೆ. ಸೂಚಕ ಎಂದರೆ ಆಮ್ಲವೋ ಪ್ರತ್ಯಾಮ್ಲವೋ ಎಂಬುದನ್ನು ಬಣ್ಣ ಬದಲಿಸಿ ತೋರಿಸುವ ವಸ್ತು.

3. ನೀರನ್ನು ಮೊದಲು ಪರೀಕ್ಷಿಸಿ

ಯಾವ ಕೈಪಿಡಿಯಲ್ಲೂ ಇದಕ್ಕೆ ಸಾಕಷ್ಟು ಜಾಗ ಸಿಗುವುದಿಲ್ಲ, ನಮ್ಮಲ್ಲಿ ಪ್ರಯೋಗಗಳು ಕೆಡುವುದು ಮಾತ್ರ ಇಲ್ಲಿಯೇ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಶಾಲೆಯ ನಲ್ಲಿಯಲ್ಲಿ ಬರುವುದು ಆಳದ ಕೊಳವೆಬಾವಿಯ ಗಡಸು ನೀರು, ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿದ ನೀರು. ಸೋಪು ನೊರೆ ಕೊಡದೆ ಬಿಳಿ ಕೆನೆಯಾಗುವುದು ಅದರಿಂದಲೇ.

ಈ ನೀರಿನಲ್ಲಿ ಬೆಳ್ಳಿಯ ನೈಟ್ರೇಟ್ ದ್ರಾವಣ ಮಾಡಲು ಹೋದರೆ, ಇನ್ನೂ ಉಪ್ಪು ಸೇರಿಸುವ ಮೊದಲೇ ಹಾಲಿನಂತೆ ಬೆಳ್ಳಗಾಗುತ್ತದೆ. ನೀರಿನಲ್ಲಿರುವ ಕ್ಲೋರೈಡ್ ಆಗಲೇ ಬೆಳ್ಳಿಯೊಂದಿಗೆ ಸೇರಿಕೊಂಡಿರುತ್ತದೆ. ಬೇರಿಯಂ ಕ್ಲೋರೈಡಿಗೂ ಇದೇ ಗತಿ, ಅಲ್ಲಿ ಕಾರಣ ಸಲ್ಫೇಟ್. ಮೈಲುತುತ್ತ ಹಾಕಿದರೆ ಸ್ಪಷ್ಟ ನೀಲಿಯ ಬದಲು ಮಂಜು ಕವಿದ ನೀಲಿ. ಪುಸ್ತಕದಲ್ಲಿ ‘ಬಣ್ಣರಹಿತ’ ಎಂದಿದೆ, ಪ್ರನಾಳದಲ್ಲಿ ಬೆಳ್ಳಗಿದೆ, ಮಗು ಪುಸ್ತಕವನ್ನೇ ನಂಬಿ ‘ಬಣ್ಣರಹಿತ’ ಎಂದು ಬರೆಯುತ್ತದೆ. ಕಂಡದ್ದನ್ನು ಬಿಟ್ಟು ಓದಿದ್ದನ್ನು ಬರೆಯುವ ರೂಢಿ ಅಲ್ಲಿಂದಲೇ ಅಂಟಿಕೊಳ್ಳುತ್ತದೆ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಸುಮಾರು ಪ್ರಯೋಗಗಳಿಗೆ ಸಾಕು. ಬೆಳ್ಳಿಯ ನೈಟ್ರೇಟಿಗೆ ಅದೂ ಸಾಲದು. ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು ತನ್ನಿ. ಅದು ಖನಿಜ ತೆಗೆದ ನೀರು. ಆದರೆ ‘ಬ್ಯಾಟರಿ ಆಸಿಡ್’ ಎಂಬ ಕ್ಯಾನೂ ಅದೇ ಕಪಾಟಿನಲ್ಲಿರುತ್ತದೆ, ಅದು ಸಲ್ಫ್ಯೂರಿಕ್ ಆಮ್ಲ. ಚೀಟಿ ಓದಿ ತೆಗೆದುಕೊಳ್ಳಿ, ಹುಡುಗರನ್ನು ಕಳಿಸಿ ತರಿಸಬೇಡಿ.

ಆಮ್ಲವನ್ನು ಸಾರರಿಕ್ತ ಮಾಡುವ, ಎಂದರೆ ನೀರು ಬೆರೆಸಿ ತೆಳುವಾಗಿಸುವ ಕೆಲಸ ನಿಮ್ಮದು, ಮಕ್ಕಳು ಬರುವ ಮೊದಲು. 110 ಮಿ.ಲೀ. ನೀರಿಗೆ 10 ಮಿ.ಲೀ. ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಸುರಿದರೆ ಪ್ರೌಢಶಾಲೆಯ ಕೆಲಸಕ್ಕೆ ಹದವಾದ ಆಮ್ಲ ಸಿದ್ಧ. ಆಮ್ಲವೇ ನೀರಿಗೆ ಹೋಗಬೇಕು. ಆಮ್ಲಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ, ಸಲ್ಫ್ಯೂರಿಕ್ ಆಮ್ಲದಲ್ಲಂತೂ ಖಂಡಿತ.

ಸುಣ್ಣದ ತಿಳಿನೀರು ಹಿಂದಿನ ದಿನವೇ ಆಗಬೇಕು. ಒಂದು ಲೀಟರ್ ನೀರಿಗೆ ಒಂದು ಚಮಚ ಅರಳಿದ ಸುಣ್ಣ ಕಲಕಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಮುಚ್ಚಳವಿರುವ ಬಾಟಲಿಗೆ ಬಸಿದುಕೊಳ್ಳಿ. ಕಳೆದ ವರ್ಷದ ಬಾಟಲಿಯನ್ನು ನಂಬಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಆಗಲೇ ಅದರ ಕೆಲಸ ಮುಗಿಸಿ ಮೇಲೆ ಬಿಳಿ ಪೊರೆ ಕಟ್ಟಿಸಿರುತ್ತದೆ. ಹಾಗೆಯೇ ಆಮ್ಲ ತಾಗಿದರೆ ಕೆಂಪಾಗುವ ನೀಲಿ ಲಿಟ್ಮಸ್ ಕಾಗದದ ಪುಸ್ತಕವನ್ನು ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ ಇರುವ ಅಲ್ಮೇರಾದಲ್ಲಿ ಇಟ್ಟರೆ ಒಂದು ತಿಂಗಳಲ್ಲಿ ಅಂಚೆಲ್ಲ ಕೆಂಪಾಗಿರುತ್ತದೆ. ಬೇರೆ ಡಬ್ಬಿಯಲ್ಲಿ, ಬೇರೆ ಕೊಠಡಿಯಲ್ಲಿ ಇಡಿ.

4. ಎರಡು ನಿಮಿಷದ ವಿಡಿಯೋ, ನಿಮ್ಮದೇ ಮೇಜಿನ ಮೇಲೆ

ಅಂತರ್ಜಾಲದಲ್ಲಿ ಸಿಗುವ ಹೊಳೆಯುವ ವಿಡಿಯೋಗಿಂತ ನಿಮ್ಮ ಲ್ಯಾಬಿನ ಮೇಜು, ನಿಮ್ಮ ಸ್ಪಿರಿಟ್ ದೀಪ, ನಿಮ್ಮ ದನಿ ಇರುವ ವಿಡಿಯೋ ಹೆಚ್ಚು ಕೆಲಸ ಮಾಡುತ್ತದೆ. ಲ್ಯಾಬಿನ ದಿನ ಮಗು ಅದೇ ಮೇಜಿನ ಮುಂದೆ ನಿಲ್ಲಬೇಕಲ್ಲ. ಸೋಮವಾರ ರಾತ್ರಿಯೊಳಗೆ ಕಳಿಸಿ. ಅದರಲ್ಲಿ ಮೂರೇ ಸಂಗತಿ ಇರಲಿ: ಯಾವ ಯಾವ ಸಾಮಾನು, ಯಾವ ಕ್ರಮ, ಎಲ್ಲಿ ಎಚ್ಚರ. ಫಲಿತಾಂಶ ತೋರಿಸಬೇಡಿ. ಪ್ರನಾಳಕ್ಕೆ ಆಮ್ಲ ಬೀಳುವ ಹೊತ್ತಿಗೆ ವಿಡಿಯೋ ನಿಲ್ಲಲಿ. ಮುಂದೇನಾಯಿತು ಎಂಬ ಕುತೂಹಲವೇ ಗುರುವಾರ ಅವರನ್ನು ಲ್ಯಾಬಿಗೆ ಎಳೆದು ತರುತ್ತದೆ.

ಫೋನಿನ ಕ್ಯಾಮೆರಾದಲ್ಲಿ ಕಡಿಮೆ ಗುಣಮಟ್ಟವನ್ನೇ ಆರಿಸಿಕೊಳ್ಳಿ, ಮನೆಯವರ ಡೇಟಾ ಉಳಿಯುತ್ತದೆ. ನಮ್ಮಲ್ಲಿ ಬಹಳಷ್ಟು ಮಕ್ಕಳು ಮನೆಯಲ್ಲಿ ತೆಲುಗು ಆಡುವವರು. ಪುಸ್ತಕದ ಕನ್ನಡವೂ ಅವರಿಗೆ ಹೊಸದು. ‘ಸಾರರಿಕ್ತ’, ‘ಸ್ಥಾನಪಲ್ಲಟ’ ಎಂಬಂಥ ಪದಗಳನ್ನು ಹೇಳುವಾಗ ಹಲಗೆಯ ಮೇಲೆ ಬರೆದು ತೋರಿಸಿ.

ವಿಡಿಯೋ ಜೊತೆಗೆ ಮೂರು ಪ್ರಶ್ನೆ ಕಳಿಸಿ, ಉತ್ತರ ನೋಟ್‌ಬುಕ್ಕಿನಲ್ಲಿ ಬರಲಿ. ಲ್ಯಾಬಿನ ಬಾಗಿಲಲ್ಲೇ ಅದನ್ನು ನೋಡಿ ಒಳಗೆ ಬಿಡಿ. ಬರೆಯದವರನ್ನು ಹೊರಗೆ ನಿಲ್ಲಿಸಬೇಡಿ. ಐದು ನಿಮಿಷ ತಂಡದವರಿಂದ ಕೇಳಿ ಬರೆದುಕೊಂಡು ಒಳಗೆ ಬರಲಿ.

5. ಅಣಕು ಪ್ರಯೋಗ, ಲ್ಯಾಬಿಗೆ ಮುನ್ನ ಅರ್ಧ ಗಂಟೆ

ಸಿಮ್ಯುಲೇಷನ್ ಎಂಬುದಕ್ಕೆ ನಾನು ಬಳಸುವ ಪದ ಅಣಕು ಪ್ರಯೋಗ: ಪರದೆಯ ಮೇಲೆ ಬೀಕರು, ಹನಿಗಳನ್ನು ಬೆರಳಿನಿಂದ ಸರಿಸಿ ಏನಾಗುತ್ತದೆ ಎಂದು ನೋಡುವುದು. ಅಮೆರಿಕದ ಕೊಲೊರಾಡೊ ಬೋಲ್ಡರ್ ವಿಶ್ವವಿದ್ಯಾಲಯದ ಫೆಟ್ ಯೋಜನೆಯನ್ನು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಆರಂಭಿಸಿದರು. ಅದರ ಅಣಕು ಪ್ರಯೋಗಗಳು ಉಚಿತ, ಕೆಲವು ಕನ್ನಡದಲ್ಲೂ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೊಂದನ್ನೂ ಒಂದೇ ಕಡತವಾಗಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು, ನಡೆಸಲು ಇಂಟರ್‌ನೆಟ್ ಬೇಡ. ಕರೆಂಟು ಇರುವ ಹೊತ್ತನ್ನು ಮಾತ್ರ ನೋಡಿಕೊಳ್ಳಬೇಕು. ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಗಣಕ ಸಂಸ್ಥೆಯಾದ ಮುಂಬಯಿಯ ಸಿಡ್ಯಾಕ್ ಸೇರಿ ಮಾಡಿದ ಓಲ್ಯಾಬ್ಸ್ ಎಂಬ ಆನ್‌ಲೈನ್ ಪ್ರಯೋಗಾಲಯ ಕೂಡ ಒಳ್ಳೆಯದು. ನಾನು ಅದನ್ನು ಇಂಗ್ಲಿಷಿನಲ್ಲಿ ತೆರೆದು, ವಿವರಣೆಯನ್ನು ಕನ್ನಡದಲ್ಲಿ ಹೇಳುತ್ತೇನೆ. ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ಸರ್ಕಾರದ ಕಲಿಕಾ ತಾಣ ದೀಕ್ಷಾದ ಪಾಠಗಳೂ ತೆರೆಯುತ್ತವೆ.

ಸಮೀಕರಣ ಸರಿದೂಗಿಸುವುದಕ್ಕೆ ಫೆಟ್ ಆಟದಷ್ಟು ಪ್ರಯೋಜನದ್ದನ್ನು ನಾನು ಬೇರೆ ಕಂಡಿಲ್ಲ. ಪಿಎಚ್ ಅಳತೆಯ ಅಣಕು ಪ್ರಯೋಗದಲ್ಲಿ ಹಾಲು, ಕಾಫಿ, ಕಿತ್ತಳೆ ರಸದ ಜೊತೆ ವಾಂತಿಯೂ ಇದೆ. ಮಕ್ಕಳು ಮೊದಲು ಒತ್ತುವುದು ಅದನ್ನೇ. ಒತ್ತಲಿ ಬಿಡಿ, ಹೊಟ್ಟೆಯ ಆಮ್ಲದ ಪಾಠ ಅಲ್ಲಿಯೇ ಆಗುತ್ತದೆ. ಪಿಎಚ್ ಎಂದರೆ ದ್ರಾವಣ ಎಷ್ಟು ಆಮ್ಲೀಯ ಅಥವಾ ಪ್ರತ್ಯಾಮ್ಲೀಯ ಎಂದು ಹೇಳುವ ಅಂಕಿ, 7 ತಟಸ್ಥ.

ಎಚ್ಚರಿಕೆ ಒಂದಿದೆ. ಪರದೆಯಲ್ಲಿ ನೀರಿನ ಪಿಎಚ್ ಯಾವಾಗಲೂ 7. ನಿಮ್ಮ ಲ್ಯಾಬಿನಲ್ಲಿ ತೆರೆದಿಟ್ಟ ಶುದ್ಧ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ 6ಕ್ಕಿಂತ ಕೆಳಗೆ ತೋರಿಸಬಹುದು. ಆಗ ‘ಪಿಎಚ್ ಕಾಗದ ಹಳೆಯದು, 7 ಎಂದೇ ಬರೆದುಕೊಳ್ಳಿ’ ಎನ್ನಬೇಡಿ. ಕಂಡದ್ದನ್ನೇ ಬರೆಸಿ, ಏಕೆ ಎಂದು ಕೇಳಿ.

6. ಲ್ಯಾಬಿನ ದಿನ

ಕಬ್ಬಿಣದ ಮೊಳೆಯ ಪ್ರಯೋಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದನ್ನು ಸ್ಥಾನಪಲ್ಲಟ ಕ್ರಿಯೆ ಎನ್ನುತ್ತಾರೆ: ಹೆಚ್ಚು ಕ್ರಿಯಾಶೀಲ ಲೋಹ ಕಡಿಮೆ ಕ್ರಿಯಾಶೀಲ ಲೋಹವನ್ನು ಅದರ ಲವಣದಿಂದ ಹೊರದಬ್ಬುವುದು.

ಪ್ರತಿ ತಂಡಕ್ಕೆ ಎರಡು ಪ್ರನಾಳ, ಎರಡು ಮೊಳೆ, ಒಂದು ತುಂಡು ಉಪ್ಪುಕಾಗದ, ಒಂದು ದಾರ. ದ್ರಾವಣ 100 ಮಿ.ಲೀ. ನೀರಿಗೆ 5 ಗ್ರಾಂ ಮೈಲುತುತ್ತದ ಲೆಕ್ಕದಲ್ಲಿ ನೀವೇ ಮಾಡಿಟ್ಟಿರಿ. ಮಂಜಾದರೆ ಎರಡು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ತಿಳಿಯಾಗುತ್ತದೆ. ಎರಡೂ ಪ್ರನಾಳಕ್ಕೆ ಹತ್ತು ಹತ್ತು ಮಿ.ಲೀ. ದ್ರಾವಣ. ಎರಡೂ ಮೊಳೆಯನ್ನು ತುಕ್ಕು ಹೋಗುವಂತೆ ಉಜ್ಜಿ, ಒಂದನ್ನು ದಾರದಲ್ಲಿ ಒಂದೇ ಪ್ರನಾಳಕ್ಕೆ ಇಳಿಬಿಟ್ಟು, ಇನ್ನೊಂದನ್ನು ಹೋಲಿಸಲು ಕಾಗದದ ಮೇಲೆ ಇಡಬೇಕು. ಇಷ್ಟೂ ಮೊದಲ ಎಂಟು ನಿಮಿಷದಲ್ಲಿ ಮುಗಿಯುತ್ತದೆ, ಏಕೆಂದರೆ ಕ್ರಮ ಅವರಿಗೆ ಗೊತ್ತಿದೆ. ಕ್ರಿಯೆಗೆ ಇಪ್ಪತ್ತು ನಿಮಿಷ ಬೇಕು. ಆ ಹೊತ್ತು ಸುಮ್ಮನೆ ಕೂರಿಸಬೇಡಿ, ಮೈಲುತುತ್ತ–ಸೋಡಾ ಪ್ರಕ್ಷೇಪವನ್ನು ಅಲ್ಲಿಯೇ ಮಾಡಿಸಿ.

ಮೊಳೆಯನ್ನು ಮೇಲೆತ್ತಿದಾಗ ಮುಳುಗಿದ್ದಷ್ಟು ಭಾಗ ಇಟ್ಟಿಗೆಗೆಂಪು, ಮೇಲಿನದು ಬೂದು, ನಡುವೆ ಗೆರೆ ಎಳೆದಂತೆ ಗಡಿ. ದ್ರಾವಣದ ನೀಲಿ ಕಳೆಗುಂದಿ ಹಸಿರಿಗೆ ತಿರುಗಿರುತ್ತದೆ. ಬೆರಳಿಂದ ಒರೆಸಿದರೆ ಕೆಂಪು ಪುಡಿ ಕಾಗದದ ಮೇಲೆ ಉದುರುತ್ತದೆ. ಒರೆಸಿದ ಮೇಲೆ ಕೈ ತೊಳೆಸಿ. ಕೆಂಪಿನ ಬದಲು ಕಪ್ಪು ಮೆತ್ತಿಕೊಂಡಿದ್ದರೆ ನೀವು ತಂದದ್ದು ಸತು ಲೇಪಿಸಿದ ಮೊಳೆ ಎಂದರ್ಥ. ಹೊಳೆಯುವ ಮೊಳೆ ಬೇಡ, ಕಪ್ಪನೆಯ ಸಾದಾ ಮೊಳೆ ಕೇಳಿ ತನ್ನಿ.

ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ತೋಟದ ಮನೆಯ ಮಕ್ಕಳಿದ್ದರೆ ಈ ಹಂತದಲ್ಲಿ ಅವರನ್ನು ಮಾತನಾಡಿಸಿ. ಬೂಷ್ಟು ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿ, ಸಿಂಪಡಿಸುವ ಮೊದಲು ಕುಡುಗೋಲಿನ ತುದಿಯನ್ನು ಅದ್ದಿ ನೋಡುವುದು ಅವರ ಮನೆಯ ರೂಢಿ. ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಹಾಗೆಯೇ ಸಿಂಪಡಿಸಿದರೆ ಎಲೆ ಸುಡುತ್ತದೆ. ಲ್ಯಾಬಿನ ಮೊಳೆಯೂ ತೋಟದ ಕುಡುಗೋಲೂ ಒಂದೇ ಕ್ರಿಯೆ ಎಂದು ಮಗುವೇ ಹೇಳುವವರೆಗೆ ಕಾಯಿರಿ, ನೀವು ಹೇಳಿಬಿಡಬೇಡಿ. ಮನೆಯಿಂದ ಮೈಲುತುತ್ತ ಪೊಟ್ಟಣ ತರಲು ಮಾತ್ರ ಬಿಡಬೇಡಿ, ಅದು ವಿಷ.

ಬಿಳಿ ಕಾಗದದ ಮೇಲೆ ಎರಡೂ ಮೊಳೆ ಇಟ್ಟು, ತಂಡದ ಸಂಖ್ಯೆ ಬರೆದು, ನಿಮ್ಮ ಫೋನಿನಲ್ಲೇ ಫೋಟೋ ತೆಗೆದು ಗುಂಪಿಗೆ ಹಾಕಿ. ಮಕ್ಕಳ ಫೋನು ಶಾಲೆಗೆ ಬರಬೇಕಿಲ್ಲ.

7. ಮನೆಯ ಪಾಲು

ದಾಸವಾಳದ ದಳ ಬಿಸಿನೀರಿಗೆ ಹಾಕಿದ ಬಣ್ಣ ನಿಂಬೆರಸಕ್ಕೆ ಗುಲಾಬಿ, ಅಡುಗೆ ಸೋಡಾಕ್ಕೆ ಹಸಿರು. ಅರಿಶಿನದ ಕಾಗದ ಸೋಪಿಗೆ ಕೆಂಪುಕಂದು, ಹುಣಸೆಗೆ ಹಳದಿಯಾಗಿಯೇ ಉಳಿಯುತ್ತದೆ. ಮನೆಯ ಕೊಳವೆಬಾವಿ ನೀರು, ಘಟಕದ ನೀರು, ಮಳೆನೀರು ಮೂರಕ್ಕೂ ಒಂದೇ ಅಳತೆಯ ಸೋಪು ಹಾಕಿ ನೊರೆಯ ಎತ್ತರ ಅಳೆಯುವುದನ್ನೂ ಕೊಡಿ. ಹತ್ತು ಊರಿನ ಅಳತೆ ಒಂದೇ ಪಟ್ಟಿಯಲ್ಲಿ ಬಂದಾಗ ಶನಿವಾರದ ಅರ್ಧ ದಿನದ ತರಗತಿಗೆ ಬೇರೆ ಪಾಠವೇ ಬೇಡ.

ಇನ್ನು ಮಾಡಬಾರದ್ದು. ಇದನ್ನು ಲಿಖಿತವಾಗಿ, ಪೋಷಕರ ಫೋನಿಗೇ ಕಳಿಸಿ. ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಮುಟ್ಟಬಾರದು, ಬೆರೆಸಲೇಬಾರದು. ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ನೀರಿನ ವಿದ್ಯುದ್ವಿಭಜನೆ, ಎಂದರೆ ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವುದನ್ನು, ಮನೆಯಲ್ಲಿ ಉಪ್ಪು ಹಾಕಿ ಮಾಡಿದರೂ ಕ್ಲೋರಿನ್ನೇ ಬರುತ್ತದೆ. ಅದು ಲ್ಯಾಬಿನಲ್ಲಿ, ಬ್ಯಾಟರಿಯಿಂದ, ಕೆಲವು ಹನಿ ಸಲ್ಫ್ಯೂರಿಕ್ ಆಮ್ಲ ಹಾಕಿ ಮಾತ್ರ. ಸುಟ್ಟ ಸುಣ್ಣಕ್ಕೆ ನೀರು ಹಾಕುವುದೂ ಮನೆಯಲ್ಲಿ ಬೇಡ. ಕುದಿಯುವ ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು.

8. ಅಂಕ ಕೊಡುವುದು

ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ನಲವತ್ತು ನೋಟ್‌ಬುಕ್ಕಿನಲ್ಲೂ ಒಂದೇ ವಾಕ್ಯ ಬಂದಿದ್ದರೆ ಅದಕ್ಕೆ ಅಂಕ ಕೊಡುವುದರಲ್ಲಿ ಅರ್ಥವಿಲ್ಲ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಪರದೆಯಲ್ಲಿ ಕಂಡದ್ದಕ್ಕೂ ನಿನ್ನ ಪ್ರನಾಳದಲ್ಲಿ ಕಂಡದ್ದಕ್ಕೂ ಏನು ವ್ಯತ್ಯಾಸ? ಅದನ್ನು ಬೇರೆಯವರಿಂದ ನಕಲು ಮಾಡುವುದು ಕಷ್ಟ.

9. ತೊಳೆಯುವುದು

ಕೊನೆಯ ಐದು ನಿಮಿಷ ಇದಕ್ಕೇ ಮೀಸಲು, ಗಂಟೆ ಹೊಡೆದ ಮೇಲೆ ಯಾರೂ ನಿಲ್ಲುವುದಿಲ್ಲ. ಆಮ್ಲದ ಉಳಿಕೆಗೆ ಅಡುಗೆ ಸೋಡಾ ಹಾಕಿ, ನೊರೆ ನಿಂತ ಮೇಲೆ ಹೆಚ್ಚು ನೀರಿನೊಂದಿಗೆ ಚೆಲ್ಲಿ. ಮೈಲುತುತ್ತದ ನೀರನ್ನು ಹಾಗೆಯೇ ಚರಂಡಿಗೆ ಬಿಡಬೇಡಿ. ಎಲ್ಲ ತಂಡಗಳದ್ದನ್ನೂ ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದು, ಒಂದು ಹಿಡಿ ಹಳೆಯ ಮೊಳೆ, ಕಬ್ಬಿಣದ ಚೂರು ಹಾಕಿ ಒಂದೆರಡು ದಿನ ಮುಚ್ಚಿಡಿ. ನೀಲಿ ಪೂರ್ತಿ ಹೋಗಿ ತಿಳಿಹಸಿರು ಉಳಿದ ಮೇಲೆ ಬಟ್ಟೆಯಲ್ಲಿ ಸೋಸಿ, ನೀರನ್ನು ಚೆಲ್ಲಿ. ಬಟ್ಟೆಯಲ್ಲಿ ನಿಂತ ಕೆಂಪು ಪುಡಿಯನ್ನು ನೆರಳಲ್ಲಿ ಒಣಗಿಸಿ ಬಾಟಲಿಗೆ ತುಂಬಿ, ‘ತಾಮ್ರ, ಹತ್ತನೆಯ ತರಗತಿ’ ಎಂದು ಚೀಟಿ ಅಂಟಿಸಿ ಮುಂದಿನ ವರ್ಷದವರ ಲೋಹಗಳ ಪಾಠಕ್ಕೆ ಇಟ್ಟುಕೊಳ್ಳಿ.